ಡೆತ್‌ಕೋರ್ ಮತ್ತು ಅದರ ವಿಮರ್ಶಕರು: ಜಾಬ್ ಫಾರ್ ಎ ಕೌಬಾಯ್ ಆಲ್ಬಂಗಳ ಇತಿಹಾಸ

ಅಮೆರಿಕದ ಅರಿಜೋನಾ ರಾಜ್ಯದ ಗ್ಲೆಂಡೇಲ್ ಊರಿನಲ್ಲಿ 2003ರಲ್ಲಿ ಹದಿಹರೆಯದ ಹುಡುಗರು ಕಟ್ಟಿದ ಜಾಬ್ ಫಾರ್ ಎ ಕೌಬಾಯ್ ಬ್ಯಾಂಡಿನ ಮೇಲೆ ವಿಮರ್ಶಕರು ಕೊಟ್ಟ ತೀರ್ಪು ಇಪ್ಪತ್ತು ವರ್ಷಗಳಲ್ಲಿ ಪೂರ್ತಿ ತಿರುಗಿತು. 2005ರ ಮೊದಲ ಮುದ್ರಿಕೆಗೆ ಎಳೆಯ ಕೇಳುಗರು ಮುಗಿಬಿದ್ದರೆ ಹಳೆಯ ಮೆಟಲ್ ಅಭಿಮಾನಿಗಳು ಮೂಗು ಮುರಿದರು. 2014ರ ಆಲ್ಬಂ ಬಂದಾಗ ಮೂಗು ಮುರಿದ ವಲಯದಿಂದಲೇ ಮೆಚ್ಚುಗೆ ಕೇಳಿಬಂತು. ಬ್ಯಾಂಡು ನುಡಿಸುವ ರೀತಿ ಬದಲಾದದ್ದು ಇದಕ್ಕೆ ಒಂದು ಕಾರಣ. ಡೆತ್‌ಕೋರ್ ಎಂಬ ಪ್ರಕಾರದ ಕುಲಗೋತ್ರ ವಿಚಾರಿಸುವುದರಲ್ಲೇ ಮುಗಿಯುತ್ತಿದ್ದ ವಿಮರ್ಶೆ ನಿಧಾನವಾಗಿ ನುಡಿಸಾಣಿಕೆಯತ್ತ ಹೊರಳಿದ್ದು ಇನ್ನೊಂದು. ಈ ಎರಡೂ ಒಟ್ಟೊಟ್ಟಿಗೆ ನಡೆದ ಬಗೆ ಆ ಬ್ಯಾಂಡಿನ ಆಲ್ಬಂಗಳ ಸಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಡೆತ್‌ಕೋರ್‌ಗೆ ಎರಡು ತವರು. ಮೊದಲನೆಯದು ಡೆತ್ ಮೆಟಲ್. ಕ್ಯಾಲಿಫೋರ್ನಿಯಾದ ಪೊಸೆಸ್ಡ್ ಬ್ಯಾಂಡಿನ 'ಸೆವೆನ್ ಚರ್ಚಸ್' (1985), ಫ್ಲಾರಿಡಾದ ಡೆತ್ ಬ್ಯಾಂಡಿನ 'ಸ್ಕ್ರೀಮ್ ಬ್ಲಡಿ ಗೋರ್' (1987) ಈ ಪ್ರಕಾರದ ಅಡಿಗಲ್ಲುಗಳು. ಶ್ರುತಿ ಇಳಿಸಿದ ಗಿಟಾರ್, ಎರಡೂ ಕಾಲಿನಿಂದ ಬಡಿಯುವ ಬೇಸ್ ಡ್ರಮ್, ಬ್ಲಾಸ್ಟ್ ಬೀಟ್ ಎಂಬ ಮೈಮೇಲೆ ಬೀಳುವ ದ್ರುತಗತಿ, ಗಂಟಲಿನ ಆಳದಿಂದ ಎಬ್ಬಿಸುವ ಗೊಗ್ಗರು ದನಿ ಇದರ ಲಕ್ಷಣಗಳು. ಫ್ಲಾರಿಡಾದ ಟ್ಯಾಂಪಾ ನಗರದ ಮಾರಿಸೌಂಡ್ ಸ್ಟುಡಿಯೋ ಮತ್ತು ಅಲ್ಲಿ ದುಡಿದ ಸ್ಕಾಟ್ ಬರ್ನ್ಸ್ 1990ರ ಸುಮಾರಿಗೆ ಈ ಸಂಗೀತಕ್ಕೆ ಗುರುತು ಹಿಡಿಯಬಹುದಾದ ಒಂದು ಧ್ವನಿಯನ್ನೇ ಕೊಟ್ಟರು. ಎರಡನೆಯ ತವರು ನ್ಯೂಯಾರ್ಕಿನ ಹಾರ್ಡ್‌ಕೋರ್ ಪಂಕ್. ಹಾಡು ಓಡುತ್ತಿರುವಾಗ ಗತಿಯನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿ, ಗಿಟಾರ್ ಮತ್ತು ಬೇಸ್ ಡ್ರಮ್ ಒಂದೇ ಏಟಿನಂತೆ ಕೂಡಿ ಬೀಳುವ ಭಾಗವನ್ನು ಬ್ರೇಕ್‌ಡೌನ್ ಎನ್ನುತ್ತಾರೆ. ವೇದಿಕೆಯ ಮುಂದೆ ಕುಣಿಯುವವರಿಗಾಗಿಯೇ ಇದ್ದ ಈ ತಂತ್ರವನ್ನು ಹಾರ್ಡ್‌ಕೋರ್ ಬೆಳೆಸಿತು.

ಎರಡೂ ಧಾರೆಗಳು ಕೂಡಿದ್ದು ತಡವಾಗಿಯೇನಲ್ಲ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನ ಸಫೊಕೇಷನ್ ಬ್ಯಾಂಡು 1991ರ 'ಎಫಿಜಿ ಆಫ್ ದಿ ಫರ್ಗಾಟನ್' ಆಲ್ಬಂನಲ್ಲಿ ತೀರ ಜಟಿಲವಾದ ರಿಫ್‌ಗಳ, ಅಂದರೆ ಮರುಕಳಿಸುವ ಗಿಟಾರ್ ಸ್ವರಗುಚ್ಛಗಳ, ನಡುವೆ ಬ್ರೇಕ್‌ಡೌನ್‌ಗಳನ್ನು ಇಟ್ಟಿತ್ತು. ಅದನ್ನು ಡೆತ್ ಮೆಟಲ್ ಲೋಕ ಎರಡು ಮಾತಿಲ್ಲದೆ ಒಪ್ಪಿಕೊಂಡಿತು. ಹತ್ತು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾದ ಆಲ್ ಶಲ್ ಪೆರಿಷ್, ಮ್ಯಾಸಚೂಸೆಟ್ಸ್‌ನ ದಿ ರೆಡ್ ಕಾರ್ಡ್, ಕೆನಡಾದ ಮಾಂಟ್ರಿಯಲ್‌ನ ಡಿಸ್ಪೈಸ್ಡ್ ಐಕಾನ್ ಮುಂತಾದ ಬ್ಯಾಂಡುಗಳು ಅದೇ ಎರಡು ಸಾಮಗ್ರಿಗಳನ್ನು ಬೇರೆ ಪ್ರಮಾಣದಲ್ಲಿ ಬೆರೆಸಿದಾಗ ಜಗಳ ಶುರುವಾಯಿತು. ಈ ಸಲ ಬ್ರೇಕ್‌ಡೌನ್ ಒಗ್ಗರಣೆಯಾಗಿ ಉಳಿಯದೆ ಅಡುಗೆಯೇ ಆಗಿತ್ತು. ನುಡಿಸುವವರೂ ಡೆತ್ ಮೆಟಲ್ ಕೂಟಗಳಿಂದ ಬಂದವರಾಗಿರದೆ ಹೆಚ್ಚಾಗಿ ಹಾರ್ಡ್‌ಕೋರ್ ಕಾರ್ಯಕ್ರಮಗಳಲ್ಲಿ ಬೆಳೆದವರಾಗಿದ್ದರು.

ವಿಮರ್ಶೆಯ ಸಂಪ್ರದಾಯಕ್ಕೂ ಇಲ್ಲಿ ಒಂದು ಹಿನ್ನೆಲೆ ಇದೆ. ಮುಖ್ಯಧಾರೆಯ ಪತ್ರಿಕೆಗಳು ಹೆವಿ ಮೆಟಲನ್ನು ಮೊದಲಿನಿಂದಲೂ ಆದರಿಸಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ 1970ರಲ್ಲಿ ತಂದ ಮೊದಲ ಆಲ್ಬಮನ್ನು ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ತಳ್ಳಿಹಾಕಿದ್ದು ಪ್ರಸಿದ್ಧ ಪ್ರಸಂಗ. ಅದರಿಂದ ಮೆಟಲ್ ತನ್ನದೇ ವಿಮರ್ಶಾ ವ್ಯವಸ್ಥೆಯನ್ನು ಕಟ್ಟಿಕೊಳ್ಳಬೇಕಾಯಿತು. ಕ್ಯಾಸೆಟ್ ವಿನಿಮಯ, ಜೆರಾಕ್ಸ್ ಮಾಡಿ ಹಂಚುತ್ತಿದ್ದ ಅಭಿಮಾನಿ ಪತ್ರಿಕೆಗಳು, 1981ರಿಂದ ಬ್ರಿಟನ್ನಿನ ಕೆರಾಂಗ್, 1993ರಿಂದ ಟೆರರೈಜರ್, 2004ರಿಂದ ಫಿಲಡೆಲ್ಫಿಯಾದ ಡೆಸಿಬಲ್ ಎಂಬ ಪತ್ರಿಕೆಗಳು ಈ ವ್ಯವಸ್ಥೆಯ ಮೆಟ್ಟಿಲುಗಳು. ಹೊರಗಿನವರು ಕೈಬಿಟ್ಟದ್ದನ್ನು ಒಳಗಿನವರು ಕಾಯ್ದುಕೊಂಡು ಬಂದ ವ್ಯವಸ್ಥೆ ಇದಾದ್ದರಿಂದ ಬಾಗಿಲು ಕಾಯುವ ಗುಣ ಅದರ ರಕ್ತದಲ್ಲೇ ಇತ್ತು. 2002ರಲ್ಲಿ ಮಾಂಟ್ರಿಯಲ್‌ನಲ್ಲಿ ಶುರುವಾದ ಮೆಟಲ್ ಬ್ಯಾಂಡುಗಳ ಬೃಹತ್ ಕೋಶ ಎನ್ಸೈಕ್ಲೊಪೀಡಿಯಾ ಮೆಟಾಲಮ್, ಹಾರ್ಡ್‌ಕೋರ್ ಬೆರೆತ ಬ್ಯಾಂಡುಗಳನ್ನು ಸೇರಿಸಿಕೊಳ್ಳಲು ಸಾಕಷ್ಟು ಮೆಟಲ್ ರಿಫ್‌ಗಳಿರಬೇಕೆಂಬ ಷರತ್ತನ್ನೇ ಹಾಕಿತು. ಯಾವ ಬ್ಯಾಂಡು ಒಳಗೆ, ಯಾವುದು ಹೊರಗೆ ಎಂಬುದೇ ಹೀಗೆ ಒಂದು ವಿಮರ್ಶಾ ತೀರ್ಪಾಯಿತು.

ಜಟಿಲವಾಗಿ ನುಡಿಸುವುದು ಕೂಡ ಈ ವಲಯದಲ್ಲಿ ಒಡನೆಯೇ ಮನ್ನಣೆ ಪಡೆದ ಗುಣವಲ್ಲ. ಫ್ಲಾರಿಡಾದ ಸಿನಿಕ್ ಬ್ಯಾಂಡು 1993ರಲ್ಲಿ ತಂದ 'ಫೋಕಸ್' ಆಲ್ಬಂನಲ್ಲಿ ಜಾಝ್ ಸ್ವರಮೇಳಗಳಿದ್ದವು, ಯಂತ್ರದ ಮೂಲಕ ಹಾಯಿಸಿದ ಮೆಲುದನಿಯ ಹಾಡುಗಾರಿಕೆ ಇತ್ತು. ಮರುವರ್ಷ ಕ್ಯಾನಿಬಲ್ ಕಾರ್ಪ್ಸ್ ಜೊತೆ ಪ್ರವಾಸ ಹೊರಟಾಗ ಸಭಿಕರಲ್ಲಿ ಹಲವರು ಅದನ್ನು ಸಹಿಸಲಿಲ್ಲ. ಬ್ಯಾಂಡು 1994ರಲ್ಲೇ ಚದುರಿತು. ಆಮೇಲೆ ಅದೇ ಆಲ್ಬಂ ತಾಂತ್ರಿಕ ಡೆತ್ ಮೆಟಲಿನ ಮೈಲಿಗಲ್ಲೆಂದು ಹೆಸರಾಯಿತು, 2006ರಲ್ಲಿ ಬ್ಯಾಂಡು ಮತ್ತೆ ಒಂದುಗೂಡಿತು. ಡೆತ್‌ಕೋರ್ ಹುಟ್ಟುವ ಹೊತ್ತಿಗೆ ಕೈಚಳಕವೆಂಬುದು ಮೆಟಲ್ ವಿಮರ್ಶೆಯಲ್ಲಿ ಗೌರವದ ವಸ್ತುವಾಗಿತ್ತು, ಬ್ರೇಕ್‌ಡೌನ್ ಅನುಮಾನದ ವಸ್ತುವಾಗಿತ್ತು. ಎರಡನ್ನೂ ಒಟ್ಟಿಗೆ ಹೊತ್ತು ಬಂದವರನ್ನು ಹೇಗೆ ಅಳೆಯಬೇಕೆಂಬುದಕ್ಕೆ ಮಾನದಂಡ ಇರಲಿಲ್ಲ.

ಜಾಬ್ ಫಾರ್ ಎ ಕೌಬಾಯ್‌ನ ಆರು ಹಾಡುಗಳ ಕಿರು ಆಲ್ಬಂ 'ಡೂಮ್' 2005ರ ಡಿಸೆಂಬರಿನಲ್ಲಿ ಅರಿಜೋನಾದ ಕಿಂಗ್ ಆಫ್ ದಿ ಮಾನ್‌ಸ್ಟರ್ಸ್ ಎಂಬ ಪುಟ್ಟ ಕಂಪನಿಯಿಂದ ಹೊರಬಂತು. ಅದನ್ನು ಹಬ್ಬಿಸಿದ್ದು ಅಂಗಡಿಯೂ ಅಲ್ಲ, ಪತ್ರಿಕೆಯೂ ಅಲ್ಲ, ಮೈಸ್ಪೇಸ್. 2003ರಲ್ಲಿ ಆರಂಭವಾದ ಮೈಸ್ಪೇಸನ್ನು 2005ರಲ್ಲಿ ನ್ಯೂಸ್ ಕಾರ್ಪ್ 58 ಕೋಟಿ ಡಾಲರಿಗೆ ಕೊಂಡಿತ್ತು. ಬ್ಯಾಂಡಿನ ಪುಟ ತೆರೆದರೆ ಸಾಕು, ಹಾಡು ಕೇಳಬಹುದಿತ್ತು. ಸಂಪಾದಕನ ಮೇಜು ದಾಟದೆ, ವಿಮರ್ಶಕ ನಾಲ್ಕು ಮಾತು ಬರೆಯುವುದಕ್ಕೂ ಮುಂಚೆಯೇ ಒಂದು ಬ್ಯಾಂಡಿಗೆ ಭಾರಿ ಶ್ರೋತೃವರ್ಗ ಸಿಗುವುದು ಸಾಧ್ಯವಾಯಿತು. ಮೆಟಲ್ ಪತ್ರಿಕೆಗಳಿಗೆ ಇದು ಹೊಸ ಅನುಭವ. ತಾವು ಪರಿಚಯಿಸಬೇಕಾದ ಬ್ಯಾಂಡು ಆಗಲೇ ಜನಪ್ರಿಯವಾಗಿ ಕುಳಿತಿತ್ತು.

'ಡೂಮ್'ನ ಅತಿ ಹೆಸರಾದ ಹಾಡು 'ಎಂಟೂಂಬ್‌ಮೆಂಟ್ ಆಫ್ ಎ ಮಷೀನ್'. ಗಾಯಕ ಜಾನಿ ಡೇವಿ ಅದರಲ್ಲಿ ಪಿಗ್ ಸ್ಕ್ವೀಲ್ ಎಂಬ ತಂತ್ರವನ್ನು ಎದ್ದು ಕಾಣುವಂತೆ ಬಳಸಿದ್ದಾನೆ. ಬಾಯಿಯ ಆಕಾರವನ್ನು ಬಿಗಿಹಿಡಿದು, ಪದಗಳನ್ನು ಕೈಬಿಟ್ಟು, ಹಂದಿ ಕಿರುಚಿದಂಥ ಸದ್ದು ಹೊರಡಿಸುವುದು ಈ ತಂತ್ರ. ಅದರ ಬೆನ್ನಿಗೇ ಗಿಟಾರುಗಳು ಒಂದೇ ಸ್ವರದ ಮೇಲೆ ನಿಂತು ತಡೆತಡೆದು ಬೀಳುತ್ತವೆ, ಡ್ರಮ್ಸ್ ಅರ್ಧ ಗತಿಗೆ ಇಳಿಯುತ್ತದೆ. ಕುಣಿಯುವವರಿಗೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಡ. ಮೆಚ್ಚಿದವರಿಗೆ ಈ ಭಾಗವೇ ಆಲ್ಬಮಿನ ಜೀವ, ಮೆಚ್ಚದವರಿಗೆ ಇದೇ ಎಲ್ಲ ದೋಷಗಳ ಸಾರ. ಬ್ಯಾಂಡಿನ ತಮಾಷೆಯ ಹೆಸರು, ಹುಡುಗರ ವಯಸ್ಸು, ತಲೆಗೂದಲ ಶೈಲಿ, ತೊಟ್ಟ ಬಟ್ಟೆ ಎಲ್ಲವೂ ಚರ್ಚೆಗೆ ಬಂದವು. ಹಾಡುಗಳ ಕಟ್ಟಡವನ್ನು ಕುರಿತ ಮಾತು ಕಡಿಮೆ, ಇದು ಡೆತ್ ಮೆಟಲ್ ಹೌದೋ ಅಲ್ಲವೋ ಎಂಬ ವಾದ ಜಾಸ್ತಿ.

ಈ ವಾದಕ್ಕೆ ಬ್ಯಾಂಡು ಕೊಟ್ಟ ಉತ್ತರ 2007ರ ಮೇ ತಿಂಗಳ 'ಜೆನೆಸಿಸ್'. 1982ರಿಂದ ಮೆಟಲ್ ಆಲ್ಬಂಗಳನ್ನೇ ಹೊರತರುತ್ತಿದ್ದ ಮೆಟಲ್ ಬ್ಲೇಡ್ ಕಂಪನಿ ಇದನ್ನು ಪ್ರಕಟಿಸಿತು. ಪಿಗ್ ಸ್ಕ್ವೀಲ್ ಹೋಯಿತು, ಬ್ರೇಕ್‌ಡೌನ್‌ಗಳು ಬಹುಮಟ್ಟಿಗೆ ಮಾಯವಾದವು, ಅರ್ಧ ಗಂಟೆಯ ಆಸುಪಾಸಿನಲ್ಲಿ ನೇರವಾದ ಡೆತ್ ಮೆಟಲ್ ಉಳಿಯಿತು. ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಆಲ್ಬಂ 54ನೇ ಸ್ಥಾನಕ್ಕೆ ಬಂತು. ಈ ಬಗೆಯ ಸಂಗೀತದ ಚೊಚ್ಚಲ ಪೂರ್ಣ ಆಲ್ಬಂಗೆ ಅದು ದೊಡ್ಡ ಸಂಗತಿ. ವಿಮರ್ಶೆ ಮಾತ್ರ ಮಿಶ್ರವಾಗಿತ್ತು. ಹಳೆಯ ಅಭಿಮಾನಿಗಳಿಗೆ 'ಡೂಮ್'ನ ಹುಚ್ಚಾಟ ಕಳೆದುಹೋಯಿತೆಂಬ ಕೊರಗು. ಡೆತ್ ಮೆಟಲ್ ಕಟ್ಟಾಳುಗಳಿಗೆ ನಿನ್ನೆ ಮೊನ್ನೆ ಬಂದವರು ವೇಷ ಬದಲಿಸಿದ್ದಾರೆಂಬ ಗುಮಾನಿ. ಬೇಡವೆಂದದ್ದನ್ನು ಬಿಟ್ಟರೂ ಬೈಗುಳ ತಪ್ಪಲಿಲ್ಲ. ಬ್ಯಾಂಡಿನ ಮೇಲೆ ಬಿದ್ದ ಹೆಸರು ಸಂಗೀತಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು ಇಲ್ಲಿ ಸಾಬೀತಾಯಿತು.

ಅದೇ ವರ್ಷ ಪ್ರಕಾರವೂ ತುಂಬಿ ಹರಿಯಿತು. ಕ್ಯಾಲಿಫೋರ್ನಿಯಾದ ಸೂಯಿಸೈಡ್ ಸೈಲೆನ್ಸ್ 'ದಿ ಕ್ಲೆನ್ಸಿಂಗ್' ತಂದಿತು, ಟೆನೆಸಿಯ ನಾಕ್ಸ್‌ವಿಲ್‌ನ ವೈಟ್‌ಚಾಪೆಲ್ 'ದಿ ಸೊಮ್ಯಾಟಿಕ್ ಡಿಫೈಲ್‌ಮೆಂಟ್' ತಂದಿತು, ಡಿಸ್ಪೈಸ್ಡ್ ಐಕಾನ್ 'ದಿ ಇಲ್ಸ್ ಆಫ್ ಮಾಡರ್ನ್ ಮ್ಯಾನ್' ತಂದಿತು. ಇನ್ನೊಂದು ಕಡೆ, 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಸುಮೇರಿಯನ್ ರೆಕಾರ್ಡ್ಸ್ ಕೈಚಳಕದ ಬ್ಯಾಂಡುಗಳನ್ನು ಒಟ್ಟುಹಾಕಿತು. ಅದು ತಂದ ದಿ ಫೇಸ್‌ಲೆಸ್ ಬ್ಯಾಂಡಿನ 'ಅಕೆಲ್ಡಾಮ' (2006), 'ಪ್ಲಾನೆಟರಿ ಡ್ಯುಯಾಲಿಟಿ' (2008) ಆಲ್ಬಂಗಳು ತಾಂತ್ರಿಕ ಡೆತ್‌ಕೋರ್ ಮತ್ತು ತಾಂತ್ರಿಕ ಡೆತ್ ಮೆಟಲ್ ನಡುವಿನ ಗಡಿಯನ್ನು ತೆಳುವಾಗಿಸಿದವು. ಎರಡನೆಯ ಆಲ್ಬಮಿಗೆ ಸಿಕ್ಕ ಸ್ವಾಗತ, ನುಡಿಸಾಣಿಕೆ ಗಟ್ಟಿಯಿದ್ದರೆ ಡೆತ್‌ಕೋರ್ ನಂಟನ್ನು ವಿಮರ್ಶಕರು ಮನ್ನಿಸಬಲ್ಲರೆಂಬುದಕ್ಕೆ ಮೊದಲ ಸೂಚನೆ.

ಜಾಬ್ ಫಾರ್ ಎ ಕೌಬಾಯ್ ಹಿಡಿದದ್ದೂ ಅದೇ ದಾರಿ. 2009ರ 'ರುಯಿನೇಷನ್' ಹೊತ್ತಿಗೆ ಡ್ರಮ್ಸಿಗೆ ಜಾನ್ ರೈಸ್, ಗಿಟಾರಿಗೆ ಡಿಸ್ಪೈಸ್ಡ್ ಐಕಾನ್‌ನಲ್ಲಿದ್ದ ಅಲ್ ಗ್ಲಾಸ್‌ಮನ್ ಬಂದಿದ್ದರು. ಜೇಸನ್ ಸೂಕಾಫ್ ಧ್ವನಿಮುದ್ರಣ ನೋಡಿಕೊಂಡ. ಆತನ ಆಡಿಯೋಹ್ಯಾಮರ್ ಸ್ಟುಡಿಯೋ ಇದ್ದದ್ದು ಫ್ಲಾರಿಡಾದಲ್ಲಿ, ಅಂದರೆ ಡೆತ್ ಮೆಟಲ್ ಬೆಳೆದ ರಾಜ್ಯದಲ್ಲೇ. 2011ರಲ್ಲಿ 'ಗ್ಲೂಮ್' ಎಂಬ ಕಿರು ಆಲ್ಬಂ, 2012ರಲ್ಲಿ 'ಡೆಮೋನಾಕ್ರಸಿ' ಬಂದವು. ಈ ಅವಧಿಯಲ್ಲಿ ಗಿಟಾರ್ ವಾದಕ ಟೋನಿ ಸ್ಯಾನಿಕ್ಯಾಂಡ್ರೊ ಮತ್ತು ಸೆಫಾಲಿಕ್ ಕಾರ್ನೇಜ್ ಬ್ಯಾಂಡಿನ ಬೇಸ್ ವಾದಕ ನಿಕ್ ಷೆಂಡ್‌ಜಿಲೋಸ್ ಸೇರಿಕೊಂಡರು. ಸೆಫಾಲಿಕ್ ಕಾರ್ನೇಜ್ ಡೆತ್‌ಕೋರ್‌ಗಿಂತ ಮುಂಚಿನ ಪೀಳಿಗೆಯ, ಗೌರವವುಳ್ಳ ಬ್ಯಾಂಡು. ಅಲ್ಲಿಂದ ಒಬ್ಬ ಬಂದು ಸೇರಿದ್ದು ಸಂಗೀತಕ್ಕೂ ವರ್ಚಸ್ಸಿಗೂ ಲಾಭವಾಯಿತು. 'ಡೆಮೋನಾಕ್ರಸಿ'ಯ ವಿಮರ್ಶೆಗಳಲ್ಲಿ ಸೋಲೋಗಳ ಮಾತು, ರಿಫ್‌ಗಳ ಜೋಡಣೆಯ ಮಾತು ಕಾಣಿಸಿಕೊಂಡವು. 'ಡೂಮ್' ಹಿನ್ನೆಲೆಯ ವಿಷಯವಾಗಿ ಪೀಠಿಕೆಗೆ ಸರಿಯಿತು.

ತಿರುವು ಪೂರ್ತಿಯಾದದ್ದು 2014ರ ನವೆಂಬರಿನ 'ಸನ್ ಈಟರ್'ನಲ್ಲಿ. ಎಂಟೇ ಹಾಡುಗಳು. ಮೊದಲನೆಯದಾದ 'ಈಟಿಂಗ್ ದಿ ವಿಷನ್ಸ್ ಆಫ್ ಗಾಡ್' ಹಿಂದಿನ ಆಲ್ಬಂಗಳ ಮೂರು ನಿಮಿಷದ ಹಾಡುಗಳಂತೆ ಮೇಲೆ ಬೀಳುವುದಿಲ್ಲ, ಬಿಚ್ಚಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಆಲ್ಬಮಿನ ಉದ್ದಕ್ಕೂ ಹೊಸದಾಗಿ ಕೇಳಿಸುವುದು ಬೇಸ್ ಗಿಟಾರ್. ಸಾಮಾನ್ಯ ಡೆತ್ ಮೆಟಲ್ ಮುದ್ರಣದಲ್ಲಿ ಬೇಸ್ ಗಿಟಾರು ರಿದಂ ಗಿಟಾರಿನ ಅಡಿಯಲ್ಲಿ ಹೂತುಹೋಗಿ ಬರಿಯ ತೂಕವಾಗಿ ಉಳಿಯುತ್ತದೆ. ಇಲ್ಲಿ ಷೆಂಡ್‌ಜಿಲೋಸ್‌ನ ನುಡಿಸಾಣಿಕೆ ಗಿಟಾರುಗಳ ನೆರಳು ಬಿಟ್ಟು ತನ್ನದೇ ರಾಗರೇಖೆ ಹಿಡಿದು ನಡೆಯುತ್ತದೆ, ಮಿಶ್ರಣದಲ್ಲಿ ಅದಕ್ಕೆ ಜಾಗವೂ ಬಿಟ್ಟಿದೆ. ಗಿಟಾರುಗಳು ಒಂದು ಸ್ವರಪುಂಜದ ಮೇಲೆ ತಂಗಿದಾಗ ಬೇಸ್ ಅದರ ಕೆಳಗೆ ಓಡಾಡಿ ಆ ಪುಂಜದ ಬಣ್ಣವನ್ನೇ ಬದಲಿಸುತ್ತದೆ. ಇಂಟ್ರೊನಾಟ್ ಬ್ಯಾಂಡಿನ ಡ್ಯಾನಿ ವಾಕರ್ ಡ್ರಮ್ಸ್ ನುಡಿಸಿದ್ದಾನೆ. ಏಕಪ್ರಕಾರದ ಬಿರುಸಿನ ಬದಲು ಏರಿಳಿತ ಆತನ ಲಯದ ಗುಣ. ಸಿನಿಕ್, ಏಥಿಯಿಸ್ಟ್, ಡೆತ್ ಬ್ಯಾಂಡುಗಳ 1990ರ ದಶಕದ ಆಲ್ಬಂಗಳೊಡನೆ ಹೋಲಿಸುವುದು ಈಗ ವಿಮರ್ಶಕರಿಗೆ ಸಹಜವೆನಿಸಿತು. ಬ್ಯಾಂಡಿನ ಅತ್ಯುತ್ತಮ ಕೃತಿ ಇದೇ ಎಂಬ ಅಭಿಪ್ರಾಯ ಬೇರೂರಿತು. ಆದರೆ ಬ್ಯಾಂಡು ಈ ಆಲ್ಬಂ ಹಿಡಿದು ಪ್ರವಾಸ ಹೊರಡಲಿಲ್ಲ. ಸದಸ್ಯರು ಸಂಸಾರ, ಉದ್ಯೋಗಗಳತ್ತ ತಿರುಗಿದರು, ಸುಮಾರು ಹತ್ತು ವರ್ಷ ಹೊಸ ಆಲ್ಬಂ ಬರಲಿಲ್ಲ.

ಅಷ್ಟರಲ್ಲಿ ತಾಂತ್ರಿಕ ಡೆತ್‌ಕೋರ್‌ನ ವಿಮರ್ಶೆಗೆ ಬೇರೊಂದು ತಕರಾರು ಮುಖ್ಯವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ಹುಟ್ಟಿದ ರಿಂಗ್ಸ್ ಆಫ್ ಸ್ಯಾಟರ್ನ್ ಬ್ಯಾಂಡು ಅನ್ಯಗ್ರಹ ಜೀವಿಗಳ ಕಥಾವಸ್ತು ಇಟ್ಟುಕೊಂಡು 'ಎಂಬ್ರಿಯಾನಿಕ್ ಅನಾಮಲಿ' (2010), 'ದಿಂಗಿರ್', 'ಲುಗಲ್ ಕಿ ಎನ್' (2014), 'ಉಲ್ತು ಉಲ್ಲ' (2017) ಆಲ್ಬಂಗಳನ್ನು ತಂದಿತು. ಗಿಟಾರ್ ಸ್ವರಗಳು ಅದರಲ್ಲಿ ಮಳೆಯಂತೆ ಸುರಿಯುತ್ತವೆ. ಅಷ್ಟು ವೇಗದಲ್ಲಿ ಅವನ್ನು ನಿಜವಾಗಿ ನುಡಿಸಿದ್ದಾರೆಯೇ, ಅರ್ಧ ವೇಗದಲ್ಲಿ ನುಡಿಸಿ ಕಂಪ್ಯೂಟರಿನಲ್ಲಿ ಓಡಿಸಿದ್ದಾರೆಯೇ ಎಂಬ ಆರೋಪ ಮೆಟಲ್ ವಲಯದಲ್ಲಿ ಜೋರಾಗಿ ಎದ್ದಿತು. ಬ್ಯಾಂಡು ಅದನ್ನು ಅಲ್ಲಗಳೆಯಿತು, ಕ್ಯಾಮೆರಾದ ಮುಂದೆ ನುಡಿಸಿ ತೋರಿಸುವ ವಿಡಿಯೋಗಳೂ ಬಂದವು. ಬ್ರಿಟನ್ನಿನ ಇನ್‌ಫ್ಯಾಂಟ್ ಅನೈಹಿಲೇಟರ್ 2012ರಲ್ಲಿ ಸ್ಟುಡಿಯೋ ಬ್ಯಾಂಡಾಗಿಯೇ ಮೊದಲ ಆಲ್ಬಂ ತಂದಾಗ ಡ್ರಮ್ಸ್ ಬಗ್ಗೆ ಇಂಥದೇ ಸಂಶಯ ಹುಟ್ಟಿತು.

ಈ ತಕರಾರಿಗೆ ತಾಂತ್ರಿಕ ಕಾರಣವಿದೆ. ಕಂಪ್ಯೂಟರ್ ಮುದ್ರಣದಲ್ಲಿ ಪ್ರತಿ ಡ್ರಮ್ ಏಟನ್ನೂ ತಾಳದ ಗೆರೆಗೆ ಎಳೆದು ಕೂರಿಸಬಹುದು, ನುಡಿಸಿದ ಏಟಿನ ಜಾಗದಲ್ಲಿ ಮೊದಲೇ ಮುದ್ರಿಸಿಟ್ಟ ಸದ್ದನ್ನು ಇಡಬಹುದು, ಒಂದು ರಿಫನ್ನು ತುಂಡು ತುಂಡಾಗಿ ನುಡಿಸಿ ಹೊಲಿಯಬಹುದು. ಇವೆಲ್ಲ ಮುಖ್ಯಧಾರೆಯ ಸಂಗೀತದಲ್ಲೂ ದಿನನಿತ್ಯದ ಕೆಲಸಗಳೇ. ಆದರೆ ಕೈಚಳಕವನ್ನೇ ಬಂಡವಾಳ ಮಾಡಿಕೊಂಡ ಪ್ರಕಾರದಲ್ಲಿ ಕೇಳುಗ ಮೆಚ್ಚುವುದು ಕೇಳಿಸಿದ ಸ್ವರದ ಜೊತೆಗೆ ಅದರ ಹಿಂದಿನ ಸಾಧಕವನ್ನೂ. ಸಾಧಕದ ಮೇಲೆ ನಂಬಿಕೆ ಹೋದರೆ ಮೆಚ್ಚುಗೆಗೆ ಆಧಾರವಿಲ್ಲ. 2005ರಲ್ಲಿ ಬ್ಯಾಂಡು ಯಾರ ಪೈಕಿ ಎಂದು ಕೇಳುತ್ತಿದ್ದವರು 2010ರ ದಶಕದಲ್ಲಿ ನುಡಿಸಿದ್ದು ನಿಜವೇ ಎಂದು ಕೇಳತೊಡಗಿದರು. ಅತಿವೇಗಕ್ಕೆ ಇನ್ನೊಂದು ಆಕ್ಷೇಪವೂ ಸೇರಿಕೊಂಡಿತು. ಸ್ವರಗಳ ಸಂಖ್ಯೆ ಹೆಚ್ಚಿದಷ್ಟೂ ಹಾಡು ನೆನಪಿನಲ್ಲಿ ಉಳಿಯುವುದು ಕಷ್ಟ, ಕಸರತ್ತು ಕಂಡೀತು, ರಚನೆ ಕಾಣದು ಎಂಬುದು ಈ ಬ್ಯಾಂಡುಗಳ ವಿಮರ್ಶೆಯಲ್ಲಿ ಪದೇ ಪದೇ ಬರುವ ಮಾತು. 'ಸನ್ ಈಟರ್' ಮೆಚ್ಚುಗೆ ಗಳಿಸಿದ್ದಕ್ಕೆ ಅದರ ಕೈಚಳಕ ರಚನೆಗೆ ದುಡಿಯುತ್ತಿದ್ದುದೇ ಕಾರಣ.

ಅಭಿಮಾನಿಗಳೂ ಬಾಗಿಲು ಕಾಯಬಲ್ಲರೆಂಬುದು 2017ರಲ್ಲಿ ಗೊತ್ತಾಯಿತು. ಗಾಯಕ ಮಿಚ್ ಲಕರ್ 2012ರಲ್ಲಿ ತೀರಿಕೊಂಡ ಮೇಲೆ ಹೊಸ ಗಾಯಕನೊಂದಿಗೆ ಮುಂದುವರಿದ ಸೂಯಿಸೈಡ್ ಸೈಲೆನ್ಸ್, ರಾಸ್ ರಾಬಿನ್‌ಸನ್ ನಿರ್ಮಾಣದಲ್ಲಿ ಬ್ಯಾಂಡಿನ ಹೆಸರನ್ನೇ ಹೊತ್ತ ಆಲ್ಬಂ ತಂದು ಅದರಲ್ಲಿ ಸಾದಾ ಹಾಡುಗಾರಿಕೆಯನ್ನು ಸೇರಿಸಿತು. ಬಿಡುಗಡೆಗೆ ಮುಂಚೆಯೇ ಅದನ್ನು ತಡೆಯಬೇಕೆಂದು ಸಹಿ ಸಂಗ್ರಹ ನಡೆಯಿತು, ವಿಮರ್ಶಕರೂ ಬಹುಪಾಲು ಕೈಬಿಟ್ಟರು. ಎರಡೇ ವರ್ಷದ ಬಳಿಕ ವೈಟ್‌ಚಾಪೆಲ್ ತಂದ 'ದಿ ವ್ಯಾಲಿ'ಯಲ್ಲೂ ಸಾದಾ ಹಾಡುಗಾರಿಕೆ ಇತ್ತು, ಅದಕ್ಕೆ ಪ್ರಶಂಸೆ ಬಂತು. ಗಾಯಕ ಫಿಲ್ ಬೋಜ್‌ಮನ್ ತನ್ನ ಬಾಲ್ಯದ ಸಂಕಟಗಳನ್ನು ವಸ್ತುವಾಗಿಸಿಕೊಂಡಿದ್ದ ಆ ಆಲ್ಬಂನಲ್ಲಿ ಮೆಲುದನಿ ಬರುವುದು ಕಥೆ ಬೇಡುವ ಕಡೆ. ಒಂದೇ ಬದಲಾವಣೆಗೆ ಎರಡು ತೀರ್ಪು ಬಂದದ್ದರಿಂದ ವಿಮರ್ಶೆ ಪ್ರಕಾರದ ಕಟ್ಟಳೆ ದಾಟಿ ಆಯಾ ಆಲ್ಬಂ ನೋಡುವುದಕ್ಕೆ ಬಂದಿತ್ತೆಂದು ತಿಳಿಯಬಹುದು.

2021ರ ಹೊತ್ತಿಗೆ ಡೆತ್‌ಕೋರ್‌ಗೆ ಎರಡನೆಯ ಸುಗ್ಗಿ. ನ್ಯೂಜೆರ್ಸಿಯ ಲೋರ್ನಾ ಶೋರ್ ಬ್ಯಾಂಡಿನ 'ಟು ದಿ ಹೆಲ್‌ಫೈರ್' ಹಾಡು ಟಿಕ್‌ಟಾಕ್ ಮತ್ತು ಯೂಟ್ಯೂಬ್ ಮೂಲಕ ಹರಡಿತು. ಹಾಡಿನ ಕೊನೆಯ ಬ್ರೇಕ್‌ಡೌನಿನಲ್ಲಿ ಗಾಯಕ ವಿಲ್ ರಾಮೋಸ್ ಹೊರಡಿಸುವ ಸದ್ದುಗಳನ್ನು ಗಾಯನ ಶಿಕ್ಷಕರು ಬಿಡಿಸಿ ವಿವರಿಸಿದರು. ಆಮೇಲೆ ಯೂಟಾದಲ್ಲಿ ಧ್ವನಿ ಸಂಶೋಧಕರು ಆತನ ಗಂಟಲಿಗೆ ಕ್ಯಾಮೆರಾ ಇಳಿಸಿ ಆ ದನಿ ಹುಟ್ಟುವ ಬಗೆಯನ್ನು ಗಮನಿಸಿದರು. 2005ರಲ್ಲಿ ನಗೆಪಾಟಲಾಗಿದ್ದ ಗಂಟಲ ತಂತ್ರಗಳು ಅಧ್ಯಯನದ ವಿಷಯವಾದವು. 2022ರ 'ಪೇನ್ ರಿಮೇನ್ಸ್' ಆಲ್ಬಂ ಮೆಟಲ್ ಪತ್ರಿಕೆಗಳಲ್ಲಿ ದೊಡ್ಡ ಸ್ವಾಗತ ಪಡೆಯಿತು.

ಜಾಬ್ ಫಾರ್ ಎ ಕೌಬಾಯ್‌ನ ಮುಂದಿನ ಆಲ್ಬಂ 'ಮೂನ್ ಹೀಲರ್' 2024ರ ಫೆಬ್ರವರಿ 23ರಂದು ಈ ಬದಲಾದ ವಾತಾವರಣದಲ್ಲಿ ಬಂತು. ಪ್ರಕಾಶಕರು ಅದೇ ಮೆಟಲ್ ಬ್ಲೇಡ್, ಮುದ್ರಣ ಅದೇ ಸೂಕಾಫ್‌ನದು, ಹಾಡುಗಳು ಮತ್ತೆ ಎಂಟು. ಡ್ರಮ್ಸಿಗೆ ಹಿಂದೆ ಆನಿಮಾಸಿಟಿ ಎಂಬ ಡೆತ್‌ಕೋರ್ ಬ್ಯಾಂಡಿನಲ್ಲಿದ್ದ ನವೀನ್ ಕೋಪರ್‌ವೈಸ್. ಕಥಾವಸ್ತುವಿನಲ್ಲಿ ಇದು 'ಸನ್ ಈಟರ್'ನ ಮುಂದುವರಿಕೆ, ಸಂಗೀತದಲ್ಲಿ ಅದರ ಇನ್ನಷ್ಟು ಬಿಗಿಯಾದ ರೂಪ. ವಿಮರ್ಶಕರು ಬೇಸ್ ಮತ್ತು ಡ್ರಮ್ಸ್ ನಡುವಿನ ಸಂವಾದವನ್ನು, ತಿರುವುಗಳ ಜಾಣ್ಮೆಯನ್ನು ಹೊಗಳಿದರು. ಅತಿ ದಟ್ಟವಾಗಿ ಹೆಣೆದ ಹಾಡುಗಳು ಒಂದರಿಂದೊಂದು ಬೇರೆಯಾಗಿ ಕೇಳಿಸುವುದಿಲ್ಲವೆಂಬ ಆಕ್ಷೇಪವೂ ಇತ್ತು. ಹೊಗಳಿಕೆ, ಆಕ್ಷೇಪ ಎರಡೂ ನುಡಿಸಿದ್ದನ್ನು ಕುರಿತೇ ಇದ್ದವು.

ತೀರ್ಪಿನ ಈ ಬದಲಾವಣೆಯಲ್ಲಿ ಪೀಳಿಗೆಯ ಪಾತ್ರವೂ ದೊಡ್ಡದು. 2005ರಲ್ಲಿ ಹದಿನೈದು ವರ್ಷದವರಾಗಿ ಮೈಸ್ಪೇಸಿನಲ್ಲಿ 'ಡೂಮ್' ಕೇಳಿದವರು ಇಂದು ಮೂವತ್ತರ ಮಧ್ಯದಲ್ಲಿದ್ದಾರೆ, ವಿಮರ್ಶೆ ಬರೆಯುವವರಲ್ಲೂ ಅವರಿದ್ದಾರೆ. ಅವರಿಗೆ ಬ್ರೇಕ್‌ಡೌನ್ ಹೊರಗಿನಿಂದ ನುಗ್ಗಿದ ವಸ್ತುವಲ್ಲ, ಮೆಟಲ್ ಕಲಿತ ಮೊದಲ ಪಾಠ. ಹಾಗಾಗಿ 'ಡೂಮ್' ಕೂಡ ಈಗ ಡೆತ್‌ಕೋರ್‌ನ ಆರಂಭದ ಮುಖ್ಯ ಮುದ್ರಿಕೆಗಳಲ್ಲಿ ಒಂದೆಂದು ಎಣಿಕೆಗೆ ಬರುತ್ತದೆ. 'ಸನ್ ಈಟರ್' ರಚನೆಯ ಬಲದಿಂದ ಗಳಿಸಿದ ಸ್ಥಾನವನ್ನು 'ಡೂಮ್' ತನ್ನ ಪ್ರಭಾವದಿಂದ ಗಳಿಸಿತು. ಒಂದೇ ಬ್ಯಾಂಡಿನ ಈ ಎರಡು ಮುದ್ರಿಕೆಗಳನ್ನು ಬೇರೆ ಬೇರೆ ಕಾರಣಗಳಿಗಾಗಿ ಮುಖ್ಯವೆಂದು ಒಪ್ಪುವುದು ಇಂದಿನ ಮೆಟಲ್ ವಿಮರ್ಶೆಗೆ ಕಷ್ಟವಾಗುವುದಿಲ್ಲ.